ರೌಟರ್ ಆಮೇಲೆ, ವೈರಿನ ದಾರಿ ಮೊದಲು

ಪ್ರಶ್ನೆ: ಸರ್, ಗಂಗಾವತಿ ಹತ್ತಿರ ನಮ್ಮದೊಂದು ರೈಸ್ ಮಿಲ್ ಇದೆ. ಆಫೀಸಿಗೆ ಹೊಸ ರೌಟರ್ ಹಾಕಿಸುತ್ತಿದ್ದೇವೆ. ಅಲ್ಲಿಂದ ಸುಮಾರು 130 ಮೀಟರ್ ದೂರದ, ಲಾರಿ ತೂಕ ಮಾಡುವ ವೇ ಬ್ರಿಡ್ಜ್ ರೂಮಿಗೂ ನೆಟ್ ಬೇಕು. ಕೆಲಸದವರು ಬರುವ ಮೊದಲು ಏನು ತಯಾರಿ ಮಾಡಿಕೊಳ್ಳಬೇಕು? ಕರೆಂಟ್ ವೈರ್ ಇರುವ ಪೈಪಿನಲ್ಲೇ ನೆಟ್ ವೈರ್ ಎಳೆಯಬಹುದಾ?

ಉತ್ತರ: ಪೈಪಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಖಂಡಿತ ಬೇಡ. ನಿಮ್ಮಲ್ಲಿ ದೊಡ್ಡ ಮೋಟಾರುಗಳಿವೆ. ಕರೆಂಟ್ ವೈರಿನ ಸಿಪ್ಪೆ ಎಲ್ಲಾದರೂ ಹರಿದರೆ ಕಂಪ್ಯೂಟರಿನ ತನಕ ಕರೆಂಟ್ ಬರಬಹುದು. ಕೂತು ಬಿಲ್ ಬರೆಯುವ ಹುಡುಗನ ಜೀವದ ಪ್ರಶ್ನೆ ಅದು. ನೆಟ್ಟಿಗೆ ಬೇರೆ ಪೈಪೇ ಇರಲಿ.

ಇನ್ನು ದೂರ. ಕ್ಯಾಟ್ 6 ಅನ್ನುವ ತಾಮ್ರದ ನೆಟ್ ವೈರಿಗೆ 100 ಮೀಟರ್ ಮಿತಿ. ಅದೂ ನಡೆದು ಅಳೆದ ದೂರವಲ್ಲ, ಗೋಡೆ ಹತ್ತಿ ಇಳಿದು ಮೂಲೆ ಸುತ್ತುವ ವೈರಿನ ಉದ್ದ. ಹಾಗಾಗಿ ವೇ ಬ್ರಿಡ್ಜಿಗೆ ಫೈಬರ್ (ಬೆಳಕಿನಲ್ಲಿ ನೆಟ್ ಸಾಗಿಸುವ ಗಾಜಿನ ಎಳೆಯ ವೈರ್) ಎಳೆಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಸಾಮಾನ್ಯ ನೆಟ್ ವೈರಿಗೆ ಜೋಡಿಸುವ ಪೆಟ್ಟಿಗೆ) ಹಾಕಿಸಿ. ಒಳಗೆ ಲೋಹದ ತಂತಿ ಇಲ್ಲದ ಫೈಬರನ್ನೇ ಕೇಳಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಒಂದು ಕಡೆ ಬಿದ್ದ ಏಟು ಈ ವೈರ್ ಹಿಡಿದು ಇನ್ನೊಂದು ಕಡೆಗೆ ಹೋಗುವುದಿಲ್ಲ. ಮಧ್ಯೆ ಭತ್ತದ ಲಾರಿ ಓಡಾಡುವ ಜಾಗದಲ್ಲಿ ಆಳವಾಗಿ ತಗ್ಗು ತೋಡಿಸಿ ಗಟ್ಟಿ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್ ಹೂಳಿ. ಒಳಗೊಂದು ನೈಲಾನ್ ಹಗ್ಗ ಬಿಟ್ಟಿರಿ, ನಾಳೆ ಇನ್ನೊಂದು ವೈರ್ ಎಳೆಯಲು ಬೇಕಾಗುತ್ತದೆ. ಪೈಪಿನ ಎರಡೂ ಬಾಯಿ ಮುಚ್ಚಿ. ಮಿಲ್ ಅಂದ ಮೇಲೆ ಇಲಿ ಇದ್ದೇ ಇರುತ್ತವೆ ಅಲ್ವಾ?

ನನಗೆ ಜಾಸ್ತಿ ಚಿಂತೆ ರೌಟರ್ ಇಡುವ ಜಾಗದ್ದು. ಕಾರಟಗಿ ಕಡೆಯ ಒಂದು ಮಿಲ್ಲಿನಲ್ಲಿ ಪದೇ ಪದೇ ನೆಟ್ ನಿಲ್ಲುತ್ತದೆ ಅಂತ ಕರೆದಿದ್ದರು. ರೌಟರ್ ಕೈಗೆ ತೆಗೆದುಕೊಂಡರೆ ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿ. ಗಾಳಿ ಹೋಗುವ ಸೀಳುಗಳಲ್ಲೆಲ್ಲ ತೌಡು ಮೆತ್ತಿಕೊಂಡಿತ್ತು, ಎಣ್ಣೆ ಅಂಶಕ್ಕೆ ಬೆರಳಿಗೆ ಅಂಟುತ್ತಿತ್ತು. ಸಾಮಾನ್ಯ ರೌಟರುಗಳನ್ನು 40 ಡಿಗ್ರಿ ತನಕದ ಬಿಸಿಗೆ ಮಾಡಿರುತ್ತಾರೆ. ನಮ್ಮ ಬೇಸಿಗೆಯಲ್ಲಿ ನೆರಳಲ್ಲೇ ಅಷ್ಟಾಗುತ್ತದೆ, ತಗಡಿನ ಕೆಳಗೆ ಕೇಳುವುದೇ ಬೇಡ. ಆರ್‌ಸಿಸಿ ಇರುವ ರೂಮು, ಪಡುವಣ ಬಿಸಿಲು ಬೀಳದ ಗೋಡೆ, ಮಿಲ್ ಕಡೆಗೆ ಬಾಗಿಲಿಲ್ಲದ ಜಾಗ ನೋಡಿ. ಬೀರುವಿನೊಳಗೆ ಮಾತ್ರ ಇಡಬೇಡಿ.

ಅಲ್ಲೇ ಎರಡು ಪ್ಲಗ್ ಪಾಯಿಂಟ್, ಒಂದು ಯುಪಿಎಸ್ ಸಾಕು. ಅರ್ಥಿಂಗ್ ಚೆಕ್ ಮಾಡಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ನೀರು ಹಾಕುತ್ತಿರಬೇಕು.

ಆಫೀಸಿನೊಳಗಿನ ಕ್ಯಾಟ್ 6 ಕೊಳ್ಳುವಾಗ ಒಂದು ಎಳೆ ಬಿಚ್ಚಿ ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯುಮಿನಿಯಂ. ಅಗ್ಗ ಅಂತ ತರಬೇಡಿ, ಬಾಗಿದಲ್ಲಿ ಮುರಿಯುತ್ತದೆ.

ತಗ್ಗು ಮುಚ್ಚುವ ಮೊದಲು ಟೇಪ್ ಹಿಡಿದು, ಗೋಡೆಯಿಂದ ಪೈಪ್ ಎಷ್ಟು ದೂರ ಅನ್ನುವುದು ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಜೆಸಿಬಿ ತರಿಸುವ ದಿನ ಮೊದಲು ಅದನ್ನು ಡ್ರೈವರಿಗೆ ತೋರಿಸಿ.