ಅರ್ಧ ಕೆ.ಜಿ. ಎಲ್ಲಿ ಹೋಯಿತು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

(ಬೆಂಗಳೂರಿನಲ್ಲಿ ಎರಡು ದಶಕ ಸಾಫ್ಟ್‌ವೇರ್ ಕೆಲಸ ಮಾಡಿ ಈಗ ವಿರಾಜಪೇಟೆಯಲ್ಲಿ ನೆಲೆಸಿರುವ ಎಂಜಿನಿಯರ್ ಒಬ್ಬರು ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮಗಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಪಕ್ಕದ ಮನೆ ಹುಡುಗ ಯೂಟ್ಯೂಬ್ ನೋಡಿಕೊಂಡೇ ಆ್ಯಪ್ ಮಾಡುತ್ತಾನೆ. ಹಾಗಾದರೆ ನಾಲ್ಕು ವರ್ಷ ಕೂತು ಕಲಿಯುವುದೇನು? ವೃತ್ತಿ ನೀತಿ ಅಂತ ಒಂದು ಪಾಠವೂ ಇದೆಯಂತೆ. ಡಾಕ್ಟರಿಗಾದರೆ ಸರಿ, ಕಂಪ್ಯೂಟರ್ ಮುಂದೆ ಕೂರುವವರಿಗೆ ಅದೆಂಥ ನೀತಿ ಮೇಡಂ?
– ಕಾಫಿ ಬೆಳೆಗಾರರು, ಸೋಮವಾರಪೇಟೆ

ಉತ್ತರ: ಆ ಹುಡುಗನನ್ನು ಹಗುರವಾಗಿ ನೋಡಬೇಡಿ, ನಾವೆಲ್ಲ ಹಾಗೇ ಶುರು ಮಾಡಿದವರು. ಆದರೆ ತೋಡಿಗೆ ಎರಡು ಮರ ಅಡ್ಡ ಹಾಕಿ ಕಾಲುಸಂಕ ಮಾಡುವುದಕ್ಕೂ ಹೊಳೆಗೆ ಸೇತುವೆ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕೇ? ಸಂಕ ಮುಂಗಾರಿಗೆ ಕೊಚ್ಚಿಹೋದರೆ ಇನ್ನೊಂದು ಹಾಕಿಕೊಳ್ಳುತ್ತೀರಿ. ಸೇತುವೆ ಮೇಲೆ ಶಾಲೆ ಬಸ್ಸು ಓಡಾಡುತ್ತದೆ. ಒಳಗೆ ಕೂತ ಮಕ್ಕಳಿಗೆ ಅದನ್ನು ಕಟ್ಟಿದವರು ಯಾರೆಂದು ಗೊತ್ತಿರುವುದಿಲ್ಲ. ಎಷ್ಟು ಭಾರ ತಡೆದೀತು, ಎಷ್ಟು ಇಂಚು ಮಳೆಗೆ ನೀರು ಎಲ್ಲಿವರೆಗೆ ಏರೀತು, ಹತ್ತು ವರ್ಷದ ಮೇಲೆ ಬೇರೆ ಯಾರೋ ರಿಪೇರಿಗೆ ಬಂದರೆ ಅವರಿಗೆ ನಕ್ಷೆ ಅರ್ಥವಾದೀತೇ, ಇದನ್ನೆಲ್ಲ ಮೊದಲೇ ಲೆಕ್ಕ ಹಾಕುವುದು ಎಂಜಿನಿಯರಿಂಗ್. ಪ್ರೋಗ್ರಾಂಗಳಿಗೂ ಇಂಥ ಶಿಸ್ತು ಬೇಕೆಂಬ ಚರ್ಚೆಯಾಗಿದ್ದು 1968ರಲ್ಲಿ, ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನದಲ್ಲಿ. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರು ಎಲ್ಲೆಡೆ ಬಳಕೆಗೆ ಬಂದಿದ್ದೂ ಅದರ ನಂತರವೇ.

ಡಾಕ್ಟರ ಮಾತು ನೀವೇ ಎತ್ತಿದಿರಿ. ಕ್ಯಾನ್ಸರ್‌ಗೆ ವಿಕಿರಣ ಕೊಡುವ ಥೆರಾಕ್-25 ಎಂಬ ಯಂತ್ರವಿತ್ತು. ಹಳೆಯ ಮಾದರಿಗಳಲ್ಲಿ ವಿಕಿರಣ ಮಿತಿಮೀರದಂತೆ ತಡೆಯುವ ಪ್ರತ್ಯೇಕ ಯಾಂತ್ರಿಕ ವ್ಯವಸ್ಥೆ ಇತ್ತು. ಇದರಲ್ಲಿ ಅದನ್ನು ತೆಗೆದು, ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ ಎಂದು ಬಿಟ್ಟರು. ಆಪರೇಟರ್ ‘ಇ’ (ಎಲೆಕ್ಟ್ರಾನ್) ಬದಲು ‘ಎಕ್ಸ್’ (ಎಕ್ಸ್-ರೇ) ಒತ್ತಿ, ತಪ್ಪಾಯಿತೆಂದು ಎಂಟು ಸೆಕೆಂಡಿನೊಳಗೆ ತಿದ್ದಿದರೆ, ಪರದೆ ಮೇಲೆ ತಿದ್ದುಪಡಿ ಕಾಣುತ್ತಿತ್ತು, ಯಂತ್ರದ ಒಳಗೆ ಪೂರ್ತಿ ಆಗುತ್ತಿರಲಿಲ್ಲ. ‘ಮಾಲ್‌ಫಂಕ್ಷನ್ 54’ ಅಂತ ಒಂದು ಸಂದೇಶ ಬರುತ್ತಿತ್ತು, ಅಷ್ಟೇ. ಅಂಥ ಸಂದೇಶ ದಿನಾ ನೋಡಿ ಅಭ್ಯಾಸವಾದವರು ‘ಪಿ’ ಒತ್ತಿ ಮುಂದೆ ಹೋಗುತ್ತಿದ್ದರು. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ 6 ರೋಗಿಗಳಿಗೆ ವಿಪರೀತ ವಿಕಿರಣ ತಗುಲಿತು, ಕೆಲವರು ಸತ್ತರು. ಹಳೆ ಯಂತ್ರದ ಕೋಡನ್ನೇ ಇದಕ್ಕೂ ಬಳಸಿದ್ದರು. ದೋಷ ಅಲ್ಲೂ ಇತ್ತು, ಯಾಂತ್ರಿಕ ತಡೆ ಇದ್ದುದರಿಂದ ಹೊರಗೆ ಬಿದ್ದಿರಲಿಲ್ಲ. ಮಗಳು ಆ ಪಾಠದ ದಿನ ಕ್ಲಾಸು ತಪ್ಪಿಸದಿರಲಿ.

ಪ್ರಶ್ನೆ: ನಾನು ಆರು ಜನರ ಚಿಕ್ಕ ಕಂಪನಿಯಲ್ಲಿದ್ದೇನೆ. ತೋಟಗಳಿಗೆ ಹಾಜರಿ ಮತ್ತು ಕೊಯ್ಲಿನ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕ ನೇರ ಫೋನಿಗೆ ಬರುತ್ತದೆ. ಒಂದು ತೋಟದವರು ಪಾಯಿಂಟ್ ಆದಮೇಲಿನ ಅಂಕಿ ಬೇಡ, ತೆಗೆದುಬಿಡಿ ಅಂದರು. ಅಂದರೆ 31.8 ಇದ್ದರೆ 31. ಬಾಸ್ ಹತ್ತಿರ ಕೇಳಿದರೆ ‘ಕಸ್ಟಮರ್ ಕೇಳಿದ್ದು ಮಾಡಿಕೊಡು, ನಿನಗ್ಯಾಕೆ ಉಸಾಬರಿ’ ಅಂತಾರೆ. ಇದು ತಪ್ಪಾ ಮೇಡಂ? ತಪ್ಪಾದರೆ ನಾನೇನು ಮಾಡಬೇಕು?
– ಹೆಸರು ಬೇಡ, ಸಿದ್ದಾಪುರ

ಉತ್ತರ: ಮೊದಲು ಲೆಕ್ಕ ಹಾಕೋಣ. ಕೆ.ಜಿ. ಲೆಕ್ಕದ ಕೂಲಿಗೆ ಕಾಫಿ ಕೊಯ್ಯುವ ಒಬ್ಬರು ದಿನಕ್ಕೆ ಎರಡು ಚೀಲ ತೂಗಿಸುತ್ತಾರೆ ಅಂತಿಟ್ಟುಕೊಳ್ಳಿ. ಪಾಯಿಂಟ್ ಬಿಟ್ಟರೆ ಚೀಲಕ್ಕೆ ಸರಾಸರಿ ಅರ್ಧ ಕೆ.ಜಿ. ಹೋಗುತ್ತದೆ, ಆಳಿಗೆ ದಿನಕ್ಕೊಂದು ಕೆ.ಜಿ. ಐವತ್ತು ಜನ ಇದ್ದರೆ 50 ಕೆ.ಜಿ., ದಿನಾ ಒಂದು ಚೀಲ ಹಣ್ಣು ಪುಕ್ಕಟೆ ಕೊಯ್ಲು. ಕೆ.ಜಿ.ಗೆ 5 ರೂಪಾಯಿಯಂತೆ 40 ದಿನಕ್ಕೆ ಒಟ್ಟು 10,000 ರೂಪಾಯಿ. ತೋಟದ ಧಣಿಗೆ ಅದು ದೊಡ್ಡ ಮೊತ್ತವೇನಲ್ಲ. ತೋಟದ ಲೈನ್ ಮನೆಯಲ್ಲಿರುವ ಕೂಲಿ ಹೆಂಗಸಿಗೆ ತನ್ನ ಪಾಲಿನ 200 ರೂಪಾಯಿ ಅಂದರೆ ಒಂದು ಸಂತೆಯ ತರಕಾರಿ, ಮೀನು.

ಹತ್ತಿರದ ಪೂರ್ಣ ಸಂಖ್ಯೆಗೆ ಹೊಂದಿಸಿದರೆ, ಅಂದರೆ 31.8 ಇದ್ದದ್ದು 32, 31.3 ಇದ್ದದ್ದು 31 ಆದರೆ, ಕೊಯ್ಲು ಮುಗಿಯುವಷ್ಟರಲ್ಲಿ ಹೆಚ್ಚುಕಮ್ಮಿ ಸರಿಹೋಗುತ್ತದೆ. ನಿಮಗೆ ಹೇಳಿರುವುದು ಹಾಗಲ್ಲ. ಸದಾ ಒಂದೇ ಕಡೆ ವಾಲುವ ತಕ್ಕಡಿಗೆ ಸಂತೆಯಲ್ಲಿ ಏನನ್ನುತ್ತಾರೆ ಅಂತ ನಿಮಗೂ ಗೊತ್ತು. ಒದ್ದೆ ಗೋಣಿಚೀಲದ ತೂಕ ಕಳೆಯುವುದು ಬೇರೆ ಮಾತು. ಅದು ಎಲ್ಲರ ಎದುರಿಗೆ ನಡೆಯುವ ಲೆಕ್ಕ, ಯಾರೂ ತಕರಾರು ಮಾಡುವುದಿಲ್ಲ.

ಹಿಂದೆ ಕೊಕ್ಕೆಗೆ ಚೀಲ ನೇತುಹಾಕುವ ಸ್ಪ್ರಿಂಗ್ ತಕ್ಕಡಿ ಇತ್ತಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಮುಳ್ಳು ನೋಡಿ ಗಟ್ಟಿಯಾಗಿ ಕೂಗುತ್ತಿದ್ದರು. ಕೂಗಿದ್ದು ಕಮ್ಮಿ ಅನಿಸಿದರೆ ‘ಇನ್ನೊಂದ್ಸಲ ನೋಡಿ ರೈಟ್ರೇ’ ಅನ್ನಲು ಆಗುತ್ತಿತ್ತು. ಮೇಸ್ತ್ರಿ ಬಂದು ಬಗ್ಗಿ ನೋಡುತ್ತಿದ್ದ. ಜಗಳವೂ ಆಗುತ್ತಿತ್ತು, ನಾನು ಚಿಕ್ಕಂದಿನಲ್ಲಿ ಕಣದ ಅಂಚಿನಲ್ಲಿ ನಿಂತು ನೋಡಿದ್ದೇನೆ. ಈಗ ಬಟವಾಡೆ ದಿನ ಕೇಳಿದರೆ ‘ಕಂಪ್ಯೂಟರಲ್ಲಿ ಹಾಗೇ ಬಂದಿದೆ’ ಅನ್ನುತ್ತಾರೆ. ಆ ಉತ್ತರದ ಹಿಂದೆ ಇರುವುದು ನೀವು ಬರೆಯುವ ಒಂದು ಸಾಲು. ತಕ್ಕಡಿಗಾದರೆ ಕಾನೂನು ಮಾಪನ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ನಿಮ್ಮ ಸಾಲನ್ನು ಯಾರೂ ನೋಡುವುದಿಲ್ಲ.

‘ಕಂಪ್ಯೂಟರ್ ಹೇಳಿತು’ ಎಂಬ ಮಾತು ಎಲ್ಲಿವರೆಗೆ ಹೋಗಬಹುದು ಎನ್ನುವುದಕ್ಕೆ ಬ್ರಿಟನ್ ಅಂಚೆ ಇಲಾಖೆಯ ಹೊರೈಜ಼ನ್ ಪ್ರಕರಣ ಓದಿ. ಲೆಕ್ಕದ ಸಾಫ್ಟ್‌ವೇರ್ ತೋರಿಸಿದ ಸುಳ್ಳು ಕೊರತೆಯನ್ನು ನಂಬಿ 1999ರಿಂದ 2015ರವರೆಗೆ ಊರೂರಿನ ಪೋಸ್ಟ್‌ಮಾಸ್ಟರ್‌ಗಳ ಮೇಲೆ ಕಳ್ಳತನದ ಕೇಸು ಹಾಕಿದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೊನೆಗೆ 2024ರಲ್ಲಿ ಸಂಸತ್ತೇ ಕಾನೂನು ತಂದು ಆ ತೀರ್ಪುಗಳನ್ನು ರದ್ದು ಮಾಡಬೇಕಾಯಿತು. ಅಲ್ಲಿ ಆಗಿದ್ದು ದೋಷ. ನಿಮ್ಮ ಕೈಲಿ ಮಾಡಿಸುತ್ತಿರುವುದು ಗೊತ್ತಿದ್ದೇ ಮಾಡುವ ಕೆಲಸ.

ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಎಂಬ, ಕಂಪ್ಯೂಟರ್ ವೃತ್ತಿಯವರ ಎರಡು ಸಂಘಗಳು ಸೇರಿ 1999ರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ನೀತಿಸಂಹಿತೆ ತಂದವು. ಎಂಟು ತತ್ವಗಳಿವೆ. ಮೊದಲನೆಯದು ಸಾರ್ವಜನಿಕರ ಹಿತ. ಗ್ರಾಹಕ ಮತ್ತು ಧಣಿ ಬರುವುದು ಎರಡನೆಯದರಲ್ಲಿ, ಅದೂ ಸಾರ್ವಜನಿಕರ ಹಿತಕ್ಕೆ ಧಕ್ಕೆಯಾಗದಷ್ಟು ಮಟ್ಟಿಗೆ. ಮಿಕ್ಕ ಆರನ್ನು ಪುರುಸೊತ್ತಾದಾಗ ಓದಿಕೊಳ್ಳಿ, ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡರ ಸರದಿಯಲ್ಲೇ ಇದೆ. ಹಾಗಂತ ಈ ಸಂಹಿತೆಗೆ ಪೊಲೀಸರಿಲ್ಲ. ವಕೀಲರಿಗೆ, ವೈದ್ಯರಿಗೆ ಇರುವಂತೆ ನಮಗೆ ಲೈಸೆನ್ಸೂ ಇಲ್ಲ, ಅದನ್ನು ಕಿತ್ತುಕೊಳ್ಳುವ ಕೌನ್ಸಿಲ್ಲೂ ಇಲ್ಲ.

‘ಬಾಸ್ ಹೇಳಿದರು’ ಅನ್ನುವುದು ನಿಮ್ಮನ್ನು ಕಾಯುತ್ತದೆಯೇ? ಡೀಸೆಲ್ ಕಾರು ಪರೀಕ್ಷೆಗೆ ನಿಂತಿದೆಯೆಂದು ಪತ್ತೆ ಹಚ್ಚಿ ಆಗ ಮಾತ್ರ ಹೊಗೆ ಕಮ್ಮಿ ಬಿಡುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ಬಳಸಿದ್ದು 2015ರಲ್ಲಿ ಬಯಲಾಯಿತು. 2017ರಲ್ಲಿ ಅಮೆರಿಕದ ಕೋರ್ಟು ಆ ಕಂಪನಿಯ ಒಬ್ಬ ಎಂಜಿನಿಯರ್‌ಗೆ 40 ತಿಂಗಳ ಜೈಲು ವಿಧಿಸಿತು.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಎರಡನೇ ಕೆಲಸದಲ್ಲಿದ್ದಾಗ, ಶುಕ್ರವಾರ ಸಂಜೆಯ ರಿಲೀಸ್‌ಗೆ ಮೊದಲು ಮಾಡದ ಟೆಸ್ಟ್‌ಗಳ ಮುಂದೆ ‘ಆಯಿತು’ ಎಂದು ಟಿಕ್ ಹಾಕಿದ್ದೇನೆ. ಮ್ಯಾನೇಜರ್ ಬೆನ್ನ ಹಿಂದೆ ನಿಂತಿದ್ದರು, ಊರಿನ ಬಸ್ಸು ಒಂಬತ್ತಕ್ಕಿತ್ತು. ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಅಂತ ಮುಂದಿನ ಸಲವೂ ಹಾಕಿದೆ.

ನಿಮ್ಮ ಕೆಲಸದ ವಿಷಯಕ್ಕೆ ಬರುತ್ತೇನೆ. ನೇರ ಹೋಗಿ ‘ಇದು ಮೋಸ’ ಅನ್ನಬೇಡಿ. ಬಹಳ ಸಲ ಕೇಳಿದವರಿಗೇ ಹೊಳೆದಿರುವುದಿಲ್ಲ, ಪುಸ್ತಕದಲ್ಲಿ ಅಂಕಿ ಚೊಕ್ಕ ಕಾಣಲಿ ಅಂತಷ್ಟೇ ಇರುತ್ತದೆ. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಬಾಸ್‌ಗೆ ಇಮೇಲ್ ಮಾಡಿ. ಜೊತೆಗೆ ಬೇರೆ ದಾರಿಯನ್ನೂ ಕೊಡಿ: ತಕ್ಕಡಿ ಕೊಟ್ಟ ತೂಕ ಗ್ರಾಂ ಸಮೇತ ಹಾಗೇ ಉಳಿಯಲಿ, ವಾರದ ಒಟ್ಟು ಮೊತ್ತದಲ್ಲಿ ಒಂದೇ ಸಲ ಹತ್ತಿರದ ಸಂಖ್ಯೆಗೆ ಹೊಂದಿಸಲಿ, ಒಟ್ಟು ತೂಕ, ಕಳೆದ ಚೀಲದ ತೂಕ, ನಿವ್ವಳ ಮೂರೂ ಇರುವ ಚೀಟಿ ಕೊಯ್ದವರ ಕೈಗೆ ಹೋಗಲಿ. ಇದು ಅರ್ಧ ದಿನದ ಕೋಡಿಂಗ್. ಲೆಕ್ಕ ಖಚಿತವಾಗಿದ್ದರೆ ಬಟವಾಡೆ ದಿನ ಗಲಾಟೆ ಇರುವುದಿಲ್ಲ ಎಂದು ಧಣಿಗೆ ಹೇಳಿ ನೋಡಿ, ಆಳು ಸಿಗದ ಈ ಕಾಲದಲ್ಲಿ ಆ ಮಾತಿಗೆ ಬೆಲೆ ಇದೆ.

ಅಷ್ಟಾದರೂ ‘ಪಾಯಿಂಟ್ ತೆಗೆ’ ಅಂದರೆ, ಆ ಸಾಲು ನಾನು ಬರೆಯುವುದಿಲ್ಲ ಅಂತ ಹೇಳಬೇಕಾಗುತ್ತದೆ. ಮನೆ ಸಾಲ, ತಂಗಿ ಓದು ಏನೇನಿದೆಯೋ ನನಗೆ ಗೊತ್ತಿಲ್ಲ. ಹಾಗಾಗಿ ನಾಳೆಯೇ ರಾಜೀನಾಮೆ ಬಿಸಾಕಿ ಅನ್ನಲಾರೆ. ಬೇರೆ ಕೆಲಸ ಹುಡುಕಲು ಶುರು ಮಾಡಿ. ಆ ಇಮೇಲ್ ಮಾತ್ರ ಇವತ್ತೇ ಕಳಿಸಿ.

ಪ್ರಶ್ನೆ: ನಮ್ಮ ತೋಟದ ಕಾರ್ಮಿಕರ ಆಧಾರ್ ಫೋಟೋಗಳೆಲ್ಲ ರೈಟರ್, ಮೇಸ್ತ್ರಿ, ಡ್ರೈವರ್ ಇರುವ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿವೆ. ತೊಂದರೆ ಇದೆಯೇ?
– ಗೃಹಿಣಿ, ಗೋಣಿಕೊಪ್ಪ

ಉತ್ತರ: ಇದೆ. ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಫೋನುಗಳಲ್ಲಿ ಅದರ ಪ್ರತಿ ಇದೆ, ಕೆಲಸ ಬಿಟ್ಟುಹೋದ ಡ್ರೈವರ್ ಫೋನಿನಲ್ಲೂ. ನಮ್ಮಲ್ಲಿ 2023ರಲ್ಲೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಗುರುತಿಗೆ ಅಷ್ಟೇ ಸಾಕಾಗುವ ಕಡೆ ಅದನ್ನೇ ತೆಗೆದುಕೊಳ್ಳಿ. ಗ್ರೂಪಿನಲ್ಲಿರುವುದನ್ನು ಅಳಿಸಿ, ಎಲ್ಲರ ಗ್ಯಾಲರಿಯಿಂದಲೂ ನಿಮ್ಮ ಕಣ್ಣೆದುರೇ ಅಳಿಸಲು ಹೇಳಿ. ಡ್ರೈವರ್‌ಗೂ ಒಂದು ಫೋನ್ ಮಾಡಿ.