ದಿನಾ ಸಾಯುವ ಜೀವಕೋಶಗಳ ಹೆಣ ಎಲ್ಲಿ ಹೋಗುತ್ತೆ?

ಪ್ರಶ್ನೆ: ಮೈಯಲ್ಲಿ ದಿನಾ ಕೋಟಿಗಟ್ಟಲೆ ಜೀವಕೋಶ ಸಾಯುತ್ತವೆ ಅಂತ ಓದಿದೆ. ಹಾಗಾದ್ರೆ ಹೆಣ ಎಲ್ಲಿ ಹೋಗುತ್ತೆ? ಒಳಗೇ ಕೊಳೆಯೋದಿಲ್ವಾ? ನಗಬೇಡಿ, ನಿಜವಾಗಿ ಕೇಳ್ತಿದ್ದೀನಿ.
(ಒಬ್ಬ ಓದುಗರು, ಅರಸೀಕೆರೆ)

ಉತ್ತರ: ನಗೋದ್ಯಾಕೆ, ಎಲ್ಲರೂ ಕೇಳಬೇಕಾದ ಪ್ರಶ್ನೆಯೇ ಇದು. ಕೋಟಿಗಟ್ಟಲೆ ಅನ್ನೋದು ಕಮ್ಮಿಯೇ ಆಯಿತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಇಬ್ಬರು ವಿಜ್ಞಾನಿಗಳು 2021ರಲ್ಲಿ ಹಾಕಿದ ಲೆಕ್ಕದಂತೆ ದಿನಕ್ಕೆ ಸುಮಾರು 33 ಸಾವಿರ ಕೋಟಿ ಹಳೆಯವು ಹೋಗಿ ಹೊಸವು ಬರುತ್ತವೆ. ತೂಗಿದರೆ 80 ಗ್ರಾಂ ಅಷ್ಟೇ. ಬಹುಪಾಲು ರಕ್ತದ ಕಣಗಳು, ಉಳಿದದ್ದರಲ್ಲಿ ಜಾಸ್ತಿ ಕರುಳಿನ ಒಳಪದರದವು. ಕರುಳಿನವು ಮೂರರಿಂದ ಐದು ದಿನ ಬದುಕಿ, ಉದುರಿ, ತಿಂದ ಅನ್ನದ ಜೊತೆಗೇ ಮುಂದೆ ಸಾಗಿಬಿಡುತ್ತವೆ.

ರಕ್ತದ ಕೆಂಪು ಕಣಗಳ ಹೆಣವನ್ನಂತೂ ನೀವು ದಿನಾ ಬೆಳಿಗ್ಗೆ ಕಣ್ಣಾರೆ ನೋಡುತ್ತೀರಿ. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಮುದಿಯಾದದ್ದನ್ನು ಗುಲ್ಮ (ಸ್ಪ್ಲೀನ್) ಮತ್ತು ಲಿವರ್‌ನಲ್ಲಿರುವ ಮ್ಯಾಕ್ರೋಫೇಜ್ ಎಂಬ ಕಣಗಳು ನುಂಗುತ್ತವೆ. ಅದರೊಳಗಿನ ಕಬ್ಬಿಣವನ್ನು ಬಿಸಾಡುವುದಿಲ್ಲ, ದಿನಕ್ಕೆ 20 ಮಿಲಿಗ್ರಾಂನಷ್ಟು ವಾಪಸ್ ಹೊಸ ರಕ್ತಕ್ಕೇ ಹೋಗುತ್ತದೆ. ಊಟದಿಂದ ನಮಗೆ ದಕ್ಕುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದ ಬಣ್ಣದ ಭಾಗ ಬಿಲಿರುಬಿನ್ ಎಂಬ ಹಳದಿ ವಸ್ತುವಾಗಿ ಪಿತ್ತದಲ್ಲಿ ಸೇರಿ ಕರುಳಿಗೆ ಬರುತ್ತದೆ. ಮಲದ ಕಂದು ಬಣ್ಣ, ಮೂತ್ರದ ಹಳದಿ ಬಣ್ಣ ಎರಡೂ ಬರುವುದು ಇದರಿಂದಲೇ. ಅದಕ್ಕೇ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡವರ ಮಲ ಸುಣ್ಣದ ಹಾಗೆ ಬಿಳಚಿಕೊಳ್ಳುತ್ತದೆ, ಕಣ್ಣು ಹಳದಿಯಾಗುತ್ತದೆ. ಮಂಚದ ಕಾಲಿಗೆ ಮೊಣಕಾಲು ಬಡಿದಾಗಲೂ ನೋಡಿ, ಮೊದಲು ನೀಲಿ, ಆಮೇಲೆ ಹಸಿರು, ಕೊನೆಗೆ ಹಳದಿ: ಚರ್ಮದಡಿ ಸೋರಿದ ರಕ್ತವನ್ನು ಮ್ಯಾಕ್ರೋಫೇಜ್‌ಗಳು ತಿಂದು ಮುಗಿಸುತ್ತಿರುವುದು ಹೊರಗಿಂದಲೇ ಕಾಣುತ್ತದೆ.

ಇನ್ನು ಕೊಳೆಯುವ ವಿಷಯ. ಸಾಯುವುದರಲ್ಲೂ ಎರಡು ಥರ ಇದೆ. ಊಟ ಮುಗಿಸಿ ಬಾಳೆ ಎಲೆಯನ್ನು ನೀಟಾಗಿ ಮಡಚಿಟ್ಟು ಏಳುವುದು ಒಂದು. ಎಲೆ ಹರಿದು ಸಾರು ಪಕ್ಕದವರ ಪಂಚೆಗೆಲ್ಲ ಹರಿಯುವುದು ಇನ್ನೊಂದು. ಮೊದಲನೆಯದಕ್ಕೆ ಅಪೊಪ್ಟೋಸಿಸ್ ಎನ್ನುತ್ತಾರೆ. ಕೋಶ ಕುಗ್ಗುತ್ತದೆ, ತನ್ನ ಡಿಎನ್‌ಎಯನ್ನು ತಾನೇ ತುಂಡರಿಸುತ್ತದೆ, ಪೊರೆ ಹರಿಯದಂತೆ ಸಣ್ಣ ಸಣ್ಣ ಪೊಟ್ಟಣಗಳಾಗುತ್ತದೆ, ಒಳಮುಖವಾಗಿ ಇರಬೇಕಾದ ಒಂದು ಕೊಬ್ಬನ್ನು ಹೊರಮುಖಕ್ಕೆ ತಿರುಗಿಸಿ "ಬಂದು ತಿಂದ್ಬಿಡಿ" ಎಂದು ಸನ್ನೆ ಮಾಡುತ್ತದೆ. ಪಕ್ಕದವು ನುಂಗುತ್ತವೆ. ಊತ ಇಲ್ಲ, ಕೀವು ಇಲ್ಲ, ನಮಗೆ ಗೊತ್ತೂ ಆಗುವುದಿಲ್ಲ. ಎರಡನೆಯದು ನೆಕ್ರೋಸಿಸ್. ಅದರ ಕಥೆ ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ನಮ್ಮ ತಂದೆಯವರಿಗೆ ರಾತ್ರಿ ಎದೆನೋವು ಬಂತು. ಆಸ್ಪತ್ರೆಯಲ್ಲಿ ಇಸಿಜಿಯಲ್ಲಿ ಏನೂ ಸ್ಪಷ್ಟವಾಗಿಲ್ಲ ಅಂದರು, ಟ್ರೋಪೋನಿನ್ ಅಂತ ರಕ್ತ ಪರೀಕ್ಷೆ ಮಾಡಿದರು. ಅದೂ ನಾರ್ಮಲ್. ಆದರೂ ಮೂರು ಗಂಟೆ ಕೂರಿಸಿ ಮತ್ತೆ ಅದೇ ಪರೀಕ್ಷೆ! ಇದು ಬಿಲ್ ಏರಿಸೋ ಉಪಾಯ ಅಲ್ವಾ?
(ಹೆಸರು ಬೇಡ ಎಂದವರು, ದಾವಣಗೆರೆ)

ಉತ್ತರ: ಬಿಲ್ ಏರಿಸುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಈ ವಿಷಯದಲ್ಲಿ ನಾನು ಡಾಕ್ಟರ ಪರ.

ಹೃದಯದ ರಕ್ತನಾಳ ಕಟ್ಟಿಕೊಂಡರೆ ಅಲ್ಲಿಂದ ಮುಂದಿನ ಮಾಂಸಕ್ಕೆ ಆಮ್ಲಜನಕ ಇಲ್ಲ. ಆಮ್ಲಜನಕ ಇಲ್ಲದಿದ್ದರೆ ಕೋಶದೊಳಗೆ ಶಕ್ತಿ ತಯಾರಾಗುವುದಿಲ್ಲ. ಮೇಲೆ ಹೇಳಿದ ಹಾಗೆ ಎಲೆ ಮಡಚಿಟ್ಟು ಸಾಯುವುದಕ್ಕೂ ಶಕ್ತಿ ಬೇಕು, ಅದು ಯಾರಿಗೂ ಹೊಳೆಯುವುದಿಲ್ಲ ನೋಡಿ. ಅಚ್ಚುಕಟ್ಟಾಗಿ ಸಾಯೋಣ ಅಂದರೂ ಕೈಲಾಗದ ಸ್ಥಿತಿ ಅದು. ಉಪ್ಪನ್ನು ಹೊರಗೆ ತಳ್ಳುವ ಪಂಪುಗಳು ನಿಲ್ಲುತ್ತವೆ, ನೀರು ಒಳನುಗ್ಗಿ ಕೋಶ ಉಬ್ಬುತ್ತದೆ, ಪೊರೆ ಒಡೆಯುತ್ತದೆ, ಒಳಗಿದ್ದದ್ದೆಲ್ಲ ರಕ್ತಕ್ಕೆ ಸೋರುತ್ತದೆ. ಆಗಲೇ ಹೇಳಿದ ನೆಕ್ರೋಸಿಸ್ ಇದೇ. ಹಾಗೆ ಸೋರಿದವುಗಳಲ್ಲಿ ಒಂದು ಟ್ರೋಪೋನಿನ್, ಹೃದಯದ ಮಾಂಸ ಕುಗ್ಗಿ ಹಿಗ್ಗಲು ಬೇಕಾದ ಪ್ರೋಟೀನು. ಅಂದರೆ ಆ ಪರೀಕ್ಷೆ ಹುಡುಕುವುದೇ ಒಡೆದ ಕೋಶಗಳ ಸೋರಿಕೆಯನ್ನು. ಅದು ರಕ್ತದಲ್ಲಿ ಕಾಣುವಷ್ಟಾಗಲು ಸಮಯ ಹಿಡಿಯುತ್ತದೆ. ನೋವು ಶುರುವಾದ ಕೂಡಲೇ ತೆಗೆದ ರಕ್ತದಲ್ಲಿ ಸಿಗದೇ ಹೋಗಬಹುದು, ಕೆಲವು ಗಂಟೆ ಬಿಟ್ಟು ನೋಡಿದಾಗ ಏರಿರಬಹುದು. ಎರಡು ಸಲ ನೋಡಿ ಹೋಲಿಸುವುದೇ ಸರಿಯಾದ ಕ್ರಮ.

ನಾಳ ಪೂರ್ತಿ ಕಟ್ಟಿಕೊಂಡರೆ ಅರ್ಧ ಗಂಟೆಯೊಳಗೇ ಕೋಶಗಳು ವಾಪಸ್ ಬರಲಾರದಂತೆ ಸಾಯತೊಡಗುತ್ತವೆ, ಗಂಟೆಗಳು ಉರುಳಿದಂತೆ ಸತ್ತ ಜಾಗ ಹರಡುತ್ತದೆ. ಚರ್ಮದ ಹಾಗೆ ಹೃದಯ ಮತ್ತೆ ಬೆಳೆಯುವುದಿಲ್ಲ. ವಯಸ್ಕರಲ್ಲಿ ವರ್ಷಕ್ಕೆ ನೂರಕ್ಕೆ ಒಂದು ಕೋಶವೂ ಹೊಸದಾಗುವುದಿಲ್ಲ, ಸತ್ತ ಕಡೆ ಬರೀ ಗಾಯದ ಕಲೆ ಕೂರುತ್ತದೆ. ಹಾಗಾಗಿ ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಕರೆದುಕೊಂಡು ಹೋದಿರಲ್ಲ, ಒಳ್ಳೆಯದು ಮಾಡಿದಿರಿ.

ಪ್ರಶ್ನೆ: ಜೀವಕೋಶ ತನ್ನಷ್ಟಕ್ಕೆ ತಾನೇ ಯಾಕೆ ಸಾಯಬೇಕು? ಏಟು ಬಿದ್ದರೆ ಸಾಯಲಿ, ಸುಮ್ಸುಮ್ನೆ ಯಾಕೆ?
(ಪಿಯುಸಿ ವಿದ್ಯಾರ್ಥಿನಿ, ರಾಯಚೂರು)

ಉತ್ತರ: ನಿಮ್ಮ ಕೈ ಬೆರಳು ನೋಡಿಕೊಳ್ಳಿ. ಗರ್ಭದಲ್ಲಿ ಎರಡನೇ ತಿಂಗಳಲ್ಲಿ ಅಂಗೈ ಬಾತುಕೋಳಿ ಪಾದದ ಥರ ಇರುತ್ತದೆ. ಬೆರಳುಗಳ ನಡುವಿನ ಕೋಶಗಳು ಸತ್ತು ಜಾಗ ಬಿಟ್ಟುಕೊಟ್ಟದ್ದರಿಂದ ಬೆರಳು ಬಿಡಿಬಿಡಿಯಾದವು. ಬಾತುಕೋಳಿಯಲ್ಲಿ ಅಲ್ಲಿನ ಕೋಶಗಳು ಸಾಯದೆ ಉಳಿದುಕೊಳ್ಳುತ್ತವೆ.

ಇದು ಜೀನುಗಳಲ್ಲೇ ಬರೆದಿಟ್ಟ ಕೆಲಸ ಎಂದು ಗೊತ್ತಾದದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಿಂದ. ಹೆಸರು ಸಿ. ಎಲಿಗನ್ಸ್. ಅದು ಬೆಳೆಯುವಾಗ ಹುಟ್ಟುವುದು 1090 ಕೋಶ, ಅದರಲ್ಲಿ 131 ಸಾಯುತ್ತವೆ, ಪ್ರತಿ ಹುಳುವಿನಲ್ಲೂ ಅವೇ 131. ಜಾನ್ ಸಲ್‌ಸ್ಟನ್ ಎಂಬವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಒಂದೊಂದನ್ನೂ ಹಿಂಬಾಲಿಸಿದರು, ತಾಳ್ಮೆ ಅಂದರೆ ಅದು! ರಾಬರ್ಟ್ ಹಾರ್ವಿಟ್ಜ್ ಸಾವಿಗೆ ಕಾರಣವಾದ ಜೀನುಗಳನ್ನು ಹಿಡಿದರು. ಸಿಡ್ನಿ ಬ್ರೆನರ್ ಸೇರಿ ಮೂವರಿಗೂ 2002ರಲ್ಲಿ ನೊಬೆಲ್ ಬಂತು. ಆ ಜೀನುಗಳ ಸೋದರರು ನಮ್ಮಲ್ಲೂ ಇವೆ.

ಇನ್ನೊಂದು ಕಾರಣ ಕ್ಯಾನ್ಸರ್. ಡಿಎನ್‌ಎ ಕೆಟ್ಟು ರಿಪೇರಿಯಾಗದಿದ್ದರೆ ಪಿ53 ಎಂಬ ಪ್ರೋಟೀನು ಆ ಕೋಶಕ್ಕೆ ಸಾಯಲು ಹೇಳುತ್ತದೆ. ಅರ್ಧದಷ್ಟು ಕ್ಯಾನ್ಸರುಗಳಲ್ಲಿ ಕೆಟ್ಟಿರುವುದು ಇದೇ ಪಿ53 ಜೀನು, ಸಾಯಬೇಕಾದದ್ದು ಸಾಯದೆ ಬೆಳೆಯುತ್ತಲೇ ಹೋಗುತ್ತದೆ. ನಮ್ಮಲ್ಲಿ ಈ ಜೀನು ಒಂದು ಜೊತೆ, ಆನೆಯಲ್ಲಿ ಸುಮಾರು 20 ಜೊತೆ. ಅಷ್ಟು ದೊಡ್ಡ ಮೈಯಿದ್ದೂ ಆನೆಗೆ ಕ್ಯಾನ್ಸರ್ ಅಪರೂಪವಾಗಿರಲು ಇದೂ ಒಂದು ಕಾರಣ ಇರಬಹುದು ಎನ್ನುತ್ತಾರೆ.

ಪ್ರಶ್ನೆ: ಮುಖದ "ಡೆಡ್ ಸೆಲ್ಸ್" ತೆಗೆಯುವ ಸ್ಕ್ರಬ್ ದಿನಾ ಹಚ್ಚಬಹುದಾ?
(ಗೃಹಿಣಿ, ಶಿರಸಿ)

ಉತ್ತರ: ಬೇಡ. ಚರ್ಮದ ಮೇಲ್ಪದರ ಪೂರ್ತಿ ಸತ್ತ ಕೋಶಗಳದ್ದೇ, ಬೇಕೆಂದೇ ಹಾಗಿರುವುದು. ಒಳಗಿನ ನೀರು ಆರದಂತೆ, ಹೊರಗಿನ ರೋಗಾಣು ಒಳಬಾರದಂತೆ ತಡೆಯುವುದು ಅದೇ ಪದರ. ಕೆಳಗೆ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸುಮಾರು ತಿಂಗಳು ಹಿಡಿಯುತ್ತದೆ, ಉದುರುವುದು ತಾನಾಗಿ ಉದುರುತ್ತದೆ. ಜಾಹೀರಾತಿನವರಿಗೆ ಅದು ಕೊಳೆಯ ಥರ ಕಾಣಿಸಿದರೆ ಮಾರಾಟ ಚೆನ್ನಾಗಿ ಆಗುತ್ತದೆ, ಅಷ್ಟೇ. ತೀರಾ ಬೇಕೆನಿಸಿದರೆ ವಾರಕ್ಕೊಮ್ಮೆ ಕಡಲೆಹಿಟ್ಟು ಹಚ್ಚಿ ತೊಳೆಯಿರಿ, ಗಸಗಸ ಉಜ್ಜಬೇಡಿ. ಉರಿ ಬಂದರೆ ಅದನ್ನೂ ಬಿಡಿ.