ಮಳೆಗಾಲದ ತಂಗುಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಶಿವಮೊಗ್ಗದಲ್ಲಿ ಮನೆಯಿಲ್ಲದವರು ರಾತ್ರಿ ಮಲಗಲೆಂದು ನಾವು ಕೆಲವರು ಸೇರಿ ಒಂದು ತಂಗುಮನೆ ನಡೆಸುತ್ತೇವೆ. ಮೃಗಶಿರಾ ಮಳೆ ಹಿಡಿದ ಮೇಲೆ ಬಾಗಿಲು ತೆಗೆದರೆ, ಉತ್ತರೆ ಮಳೆ ಮುಗಿಯುವವರೆಗೆ ಒಂದು ರಾತ್ರಿಯೂ ಮುಚ್ಚುವುದಿಲ್ಲ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಈ ಬಗ್ಗೆ ಪತ್ರಿಕೆಗೆ ಬಂದ ಪ್ರಶ್ನೆಗಳಿಗೆ ನೀವೇ ಉತ್ತರಿಸಿ ಎಂದು ಸಂಪಾದಕರು ನನಗೆ ಕಳಿಸಿದ್ದಾರೆ.

ನಮಸ್ತೆ ಅಮ್ಮ. ನಾವು ಏಳೆಂಟು ಗೆಳೆಯರು ನಮ್ಮೂರಲ್ಲೂ ಇಂಥದ್ದೊಂದು ಜಾಗ ಮಾಡಬೇಕು ಅಂತಿದ್ದೇವೆ. ಕಂಬಳಿ, ಚಾಪೆ ಕೊಡಲು ದಾನಿಗಳು ಒಪ್ಪಿದ್ದಾರೆ. ಇನ್ನೇನು ಬೇಕು?
– ಓದುಗ, ಸಾಗರ

ಕಂಬಳಿ ಆಮೇಲೆ ನೋಡಿದರಾಯಿತು ತಮ್ಮ. ಮೊದಲು ಒಂದು ಕ್ಯಾಲೆಂಡರ್ ಗೋಡೆಗೆ ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೊಂದು ತಾರೀಖಿನ ಕೆಳಗೂ ಇಬ್ಬರಿಬ್ಬರ ಹೆಸರು ಬರೆಯುತ್ತಾ ಬನ್ನಿ. ಏಳೆಂಟು ಜನ ಅಂದರೆ ಒಬ್ಬೊಬ್ಬರಿಗೆ ನಾಲ್ಕು ರಾತ್ರಿಗೊಮ್ಮೆ ಪಾಳಿ. ಹಗಲು ಕೆಲಸಕ್ಕೂ ಹೋಗುವವರಿಗೆ ಅದು ಜುಲೈ ದಾಟುವುದಿಲ್ಲ. ಮೂವತ್ತು ಜನ ಸೇರಿದರೆ ಹದಿನೈದು ರಾತ್ರಿಗೊಮ್ಮೆ ಬರುತ್ತದೆ, ನಡೆಯುತ್ತದೆ. ಹೆಂಗಸರು ಮಲಗುವ ಜಾಗವಾದರೆ ಪಾಳಿಯಲ್ಲಿ ಒಬ್ಬ ಹೆಂಗಸು ಇರಲೇಬೇಕು. ಮೂವತ್ತು ಹೆಸರು ಸಿಗುವವರೆಗೆ ಬಾಗಿಲು ತೆಗೆಯಬೇಡಿ.

ನಮ್ಮ ಮಲೆನಾಡಿನಲ್ಲಿ ಹೊದಿಕೆ ಕೊಡುವವರಿಗೆ ಯಾವತ್ತೂ ಬರವಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ ಇರುವವರಿಗೆ ಬರ. ಯಾರಿಗೋ ಫಿಟ್ಸ್ ಬರುವುದು, ಇಬ್ಬರ ನಡುವೆ ಜಗಳ ಹತ್ತುವುದು, ಹೊಸಬರೊಬ್ಬರು ಪೂರ್ತಿ ನೆನೆದು ಬಾಗಿಲು ತಟ್ಟುವುದು ಎಲ್ಲ ಆ ಹೊತ್ತಿಗೇ. ಆಗ ಏಳುವವರಿಲ್ಲದಿದ್ದರೆ ಅದು ಬರೀ ಚಾಪೆ ಹಾಸಿದ ಹಾಲ್ ಅಷ್ಟೆ.

ಜಾಗದ ವಿಷಯ. ಆಷಾಢದಲ್ಲಿ ಮದುವೆ ಇಲ್ಲ, ಸಮುದಾಯ ಭವನಗಳು ಖಾಲಿ ಇರುತ್ತವೆ, ಕೇಳಿದರೆ ಕೊಡುತ್ತಾರೆ. ಆದರೆ ಶ್ರಾವಣಕ್ಕೆ ಬುಕಿಂಗ್ ಶುರು, ಮಳೆ ಮಾತ್ರ ಬಿಟ್ಟಿರುವುದಿಲ್ಲ. ಆಶ್ಲೇಷ ಮಳೆ ಹೊಡೆಯುವಾಗ ಜನರನ್ನು ಗಂಟುಮೂಟೆ ಸಮೇತ ಎಬ್ಬಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ಶ್ರಾವಣಕ್ಕೆ ಬೇರೆ ಜಾಗ ಜೂನ್‌ನಲ್ಲೇ ಗೊತ್ತು ಮಾಡಿಟ್ಟುಕೊಳ್ಳಿ. ಶೌಚಾಲಯ ಕಟ್ಟಡದ ಒಳಗೇ ಇರಲಿ. ಹತ್ತಿರದ ಪೊಲೀಸ್ ಠಾಣೆಗೂ ನಗರಸಭೆಗೂ ಒಂದೊಂದು ಪತ್ರ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಮತ್ತೆ, ಒಂಬತ್ತಕ್ಕೆ ಬಾಗಿಲು ಹಾಕುವ ನಿಯಮ ಬೇಡ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ ಕೆಲಸ ಮುಗಿಯುವುದೇ ಹನ್ನೊಂದಕ್ಕೆ. ಬಂದವರ ಹೆಸರು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಆಧಾರ್ ತೋರಿಸಿ ಅನ್ನಬೇಡಿ, ಜಾತಿಯಂತೂ ಕೇಳಲೇಬೇಡಿ.

ಪುಕ್ಕಟೆ ಊಟ, ಮಲಗಲು ಜಾಗ ಕೊಟ್ಟರೆ ಸೋಮಾರಿಗಳು ಜಾಸ್ತಿಯಾಗಲ್ವಾ ಮೇಡಂ?
– ಓದುಗರು, ಭದ್ರಾವತಿ

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೆಳಗ್ಗೆ ಆರಕ್ಕೆ ಮೊದಲೇ ಚಾಪೆ ಸುತ್ತಿಟ್ಟು ಹೋಗಿರುತ್ತಾರೆ. ಗಾಂಧಿ ಬಜಾರಿನಲ್ಲಿ ಮೂಟೆ ಹೊರುವವರು, ಚಿಂದಿ ಆಯುವವರು, ಮದುವೆ ಮನೆಯಲ್ಲಿ ಬಡಿಸಲು ಹೋಗುವವರು, ಗಾರೆ ಕೆಲಸದವರು, ಅಡಿಕೆ ಕೊಯ್ಲಿಗೆಂದು ಬಯಲುಸೀಮೆಯಿಂದ ಬಂದು ಇಲ್ಲೇ ಉಳಿದವರು. ಮಳೆಗೆ ಗಾರೆ ಕೆಲಸ ನಿಂತಿತು, ಕೂಲಿ ನಿಂತಿತು, ಬಾಡಿಗೆ ಕೋಣೆ ಹೋಯಿತು. ಇದರಲ್ಲಿ ಸೋಮಾರಿತನ ಎಲ್ಲಿದೆ ಹೇಳಿ. ಅಂಗಡಿ ಜಗಲಿಯ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತೇ ಬೆಳಗು ಮಾಡಿದವನು ಮಾರನೆಯ ದಿನ ಮೂಟೆ ಹೊರಲಾರ. ಒಣ ಜಾಗದಲ್ಲಿ ಆರು ಗಂಟೆ ನಿದ್ದೆ ಮಾಡಿದವನು ಹೊರುತ್ತಾನೆ.

ಗಾಜನೂರು ಅಣೆಕಟ್ಟಿನಿಂದ ನೀರು ಬಿಟ್ಟಾಗ, ಕೋರ್ಪಲಯ್ಯನ ಛತ್ರದ ಹತ್ತಿರ ತುಂಗಾ ಹೊಳೆಯಲ್ಲಿರುವ ಮಂಟಪ ಮುಳುಗಿತಾ ಎಂದು ನೋಡಲು ಊರೆಲ್ಲ ಸೇತುವೆ ಹತ್ತಿರ ಸೇರುತ್ತದೆ. ಹೊಳೆದಂಡೆಯಲ್ಲಿ ಮಲಗುತ್ತಿದ್ದವರು ಅದೇ ಸಂಜೆ ನಮ್ಮ ಬಾಗಿಲಿಗೆ ಬರುತ್ತಾರೆ. ಎಲ್ಲರಿಗಿಂತ ತಡವಾಗಿ ಬರುವವರು ಮಗನ ಮನೆಯಿಂದ ಹೊರಬಿದ್ದ ವಯಸ್ಸಾದ ಹೆಂಗಸರು. ಗುರುತಿನವರು ನೋಡಿಯಾರೆಂದು ಸೆರಗು ಮುಖದ ಮೇಲೆ ಎಳೆದುಕೊಂಡು ಬರುತ್ತಾರೆ. ಗಂಜಿ, ಹುರುಳಿಕಾಳಿನ ಸಾರು, ಮಿಡಿ ಉಪ್ಪಿನಕಾಯಿ, ನಾವು ಕೊಡುವುದು ಇಷ್ಟು. ನೀವು ಒಂದು ರಾತ್ರಿ ಪಾಳಿಗೆ ಬನ್ನಿ. ಭದ್ರಾವತಿಯೇನು ದೂರವಲ್ಲ.

ಕುಡಿದು ಬಂದವರನ್ನು ಒಳಗೆ ಬಿಡುತ್ತೀರಾ?
– ಓದುಗ, ತೀರ್ಥಹಳ್ಳಿ

ಬಿಡುತ್ತೇವೆ. ಬಾಟಲಿ ಒಳಗೆ ಬರುವಂತಿಲ್ಲ, ಕೈ ಎತ್ತುವಂತಿಲ್ಲ. ಕುಡಿದವರನ್ನು ಮಳೆಗೆ ದೂಡಿದರೆ ಚರಂಡಿ ಪಾಲಾಗುತ್ತಾರೆ. ಅವರಿಗೆ ಬಾಗಿಲ ಹತ್ತಿರ, ಪಾಳಿಯವರ ಕಣ್ಣೆದುರೇ ಜಾಗ. ಒಂದು ಮಗ್ಗುಲಿಗೆ ಮಲಗಿಸಬೇಕು, ಅಂಗಾತ ಬೇಡ. ನಿದ್ದೆಯಲ್ಲಿ ವಾಂತಿಯಾದರೆ ಉಸಿರು ಕಟ್ಟುತ್ತದೆ.

ನನಗೆ ಇನ್ನೂ ಹೆಚ್ಚು ಭಯ ಕುಡಿತ ತಟ್ಟನೆ ಬಿಟ್ಟವರ ಬಗ್ಗೆ. ಕೈಯಲ್ಲಿ ಕಾಸಿಲ್ಲದೆ ನಿಂತಿರುತ್ತದೆ, ಎಲ್ಲರೂ ‘ಒಳ್ಳೆಯದಾಯಿತು’ ಅನ್ನುತ್ತಾರೆ. ವರ್ಷಗಟ್ಟಲೆ ದಿನಾ ಕುಡಿದವರು ಹೀಗೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ಇಲ್ಲದವರು ಕಾಣಿಸುತ್ತಾರೆ, ಮೂರ್ಛೆ ಬರುತ್ತದೆ. ಜೀವ ಹೋಗಬಹುದು. ಅದಕ್ಕೇ ಪಾಳಿಯವರಿಗೆ ನಾನು ಮೊದಲು ಹೇಳಿಕೊಡುವುದು ‘ಕೊನೆಗೆ ಕುಡಿದಿದ್ದು ಯಾವಾಗ?’ ಎಂದು ಮೆಲ್ಲಗೆ ಕೇಳುವುದನ್ನು. ನಡುಕ, ಭ್ರಮೆ ಕಂಡರೆ ಬೆಳಗಾಗಲಿ ಎಂದು ಕಾಯುವುದಿಲ್ಲ, 108ಕ್ಕೆ ಫೋನ್.

ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಹೆಂಗಸು ತನ್ನಷ್ಟಕ್ಕೆ ಮಾತಾಡಿಕೊಂಡು ಮಳೆಯಲ್ಲೇ ಕೂತಿರ್ತಾರೆ. ಕರೆದರೆ ಬೈತಾರೆ. ನಾನು ಕಾಲೇಜು ಹುಡುಗಿ, ಏನು ಮಾಡಬಹುದು ಆಂಟಿ?
– ಓದುಗಳು, ಶಿವಮೊಗ್ಗ

ನೀನು ನೋಡಿದೆಯಲ್ಲ ಮಗು, ಎಷ್ಟೋ ಜನ ದಿನಾ ಅಲ್ಲೇ ಬಸ್ ಹತ್ತುತ್ತಾರೆ, ನೋಡುವುದಿಲ್ಲ.

ಒಬ್ಬಳೇ ಹೋಗಬೇಡ. ಕೈ ಹಿಡಿದು ಎಳೆಯಬೇಡ. ಅವರ ಗಂಟನ್ನು ಮುಟ್ಟಲೇಬೇಡ, ಅವರ ಸಂಸಾರವೆಲ್ಲ ಅದರಲ್ಲಿದೆ. ಎರಡು ಮಾರು ದೂರ ಕೂತು, ಚಹಾ ಅಲ್ಲಿಟ್ಟು, ‘ಅಮ್ಮ, ಚಹಾ ಇದೆ’ ಅಂತಷ್ಟೇ ಹೇಳಿ ಬಾ. ನಾಳೆಯೂ ಅದೇ ಹೊತ್ತಿಗೆ ಹೋಗು. ಮೊದಮೊದಲು ಬೈದವರು ಆಮೇಲೆ ದಾರಿ ಕಾಯುತ್ತಾರೆ. ಇದು ನಾನು ಕಣ್ಣಾರೆ ಕಂಡಿದ್ದು.

ಕಾನೂನು ನಿನ್ನ ಜೊತೆಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ, ಮನೋರೋಗವಿದ್ದು ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರಿಗೆ ರಕ್ಷಣೆ ಕೊಡುವುದು ಆ ವ್ಯಾಪ್ತಿಯ ಪೊಲೀಸ್ ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು. ಲಾಕಪ್ಪಿಗೆ ಹಾಕುವಂತಿಲ್ಲ. ಮನೆಯಿಲ್ಲದವರಾದರೆ, ಕಾಣೆಯಾದವರೆಂದು ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯ ಹೊಣೆ. ಎಲ್ಲೋ ಒಂದೂರಲ್ಲಿ ಅವರ ಮಕ್ಕಳು ಅಮ್ಮನನ್ನು ಹುಡುಕುತ್ತಿರಬಹುದು. ಕಲಂ ಸಂಖ್ಯೆ ಹಾಕಿ ಅರ್ಜಿ ಬರೆದು, ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಠಾಣೆಗೆ ಕೊಡು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಲ್ಲೇ ಮನೋರೋಗ ವಿಭಾಗವಿದೆ. ಏನು ಮಾತಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಯಾವಾಗಲೂ ಮಾತಾಡುತ್ತಾರೆ, ಕನ್ನಡದಲ್ಲೇ.

ಮನೆಯಲ್ಲಿ ಹಳೇ ಸೀರೆ, ಬಟ್ಟೆ ರಾಶಿ ಇದೆ. ತಂದು ಕೊಡಲಾ ಅಕ್ಕ?
– ಓದುಗಳು, ಹೊಸನಗರ

ಬೇಡ ತಂಗಿ, ಇಟ್ಟುಕೊಳ್ಳಲು ಜಾಗವಿಲ್ಲ. ಒಣಗಿಸಲೂ ಆಗುವುದಿಲ್ಲ. ಹೊಸ ಒಳಉಡುಪು, ಟವೆಲ್, ಸ್ಯಾನಿಟರಿ ಪ್ಯಾಡ್, ಹವಾಯಿ ಚಪ್ಪಲಿ ಕೊಡಿ. ಇವನ್ನು ಯಾರೂ ತರುವುದಿಲ್ಲ.

ನಾವು ಶಾಲೆಯ ಹಳೇ ಕಟ್ಟಡದಲ್ಲಿ ಕೆಲವರಿಗೆ ಮಲಗಲು ವ್ಯವಸ್ಥೆ ಮಾಡಿದ್ದೇವೆ. ಥಂಡಿ ತಡೆಯಲು ಬಾಣಲೆಯಲ್ಲಿ ಕೆಂಡ ಇಡೋಣ ಅಂತ. ಬಟ್ಟೆ ಒಣಗಲ್ಲ, ಎಲ್ಲರಿಗೂ ತುರಿಕೆ ಬೇರೆ.
– ಓದುಗರು, ಕೊಪ್ಪ

ಇದನ್ನು ಓದಿದ ಕೂಡಲೇ ಕೆಂಡ ಹೊರಗೆ ಹಾಕಿ. ಹಳೇ ಮನೆಗಳಲ್ಲಿ ಹೊಡಸಲಿನ ಮುಂದೆ ಮೈ ಕಾಸಿ ಬೆಳೆದವರು ನಾವು, ನಿಮಗೆ ಹಾಗೆ ಅನ್ನಿಸಿದ್ದು ಸಹಜ. ಆದರೆ ಆ ಮನೆಗಳಿಗೆ ಹೆಂಚಿನ ಮಾಡು, ಸಂದಿಗಳಲ್ಲಿ ಗಾಳಿ ಆಡುತ್ತಿತ್ತು. ಕಿಟಕಿ ಮುಚ್ಚಿದ ಆರ್‌ಸಿಸಿ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅಲ್ಲೇ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ನೆಲದ ಥಂಡಿಗೆ ಚಾಪೆಯ ಕೆಳಗೆ ರಟ್ಟು, ಅದರ ಕೆಳಗೆ ಟಾರ್ಪಾಲು ಹಾಸಿ. ಮೆಣಸಿನ ಕಷಾಯ ಬಿಸಿಯಾಗಿ ಕೊಡಿ.

ರಾತ್ರಿ ಹೊತ್ತು ಜಾಸ್ತಿಯಾಗುವ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಕಜ್ಜಿ ಇರಬಹುದು. ಆರೋಗ್ಯ ಕೇಂದ್ರದ ವೈದ್ಯರನ್ನು ಒಮ್ಮೆ ಅಲ್ಲಿಗೇ ಕರೆಸಿ. ಪರ್ಮೆಥ್ರಿನ್ ಮುಲಾಮು ಬರೆದುಕೊಟ್ಟರೆ ಕುತ್ತಿಗೆಯಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ ಬೆಳಗ್ಗೆ ತೊಳೆಯಬೇಕು, ವಾರ ಬಿಟ್ಟು ಮತ್ತೊಮ್ಮೆ. ತುರಿಕೆ ಇಲ್ಲದವರೂ ಸೇರಿ ಆ ಕೋಣೆಯಲ್ಲಿ ಮಲಗುವ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಇಲ್ಲವಾದರೆ ಸುತ್ತಿ ಸುತ್ತಿ ಬರುತ್ತದೆ. ಬಿಸಿಲಿಲ್ಲವೆಂದು ಚಿಂತೆ ಬೇಡ. ಹಾಸಿಗೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಮನುಷ್ಯರ ಮೈ ಸಿಗದೆ ಆ ಹುಳ ಎರಡು ಮೂರು ದಿನಕ್ಕೇ ಸಾಯುತ್ತದೆ.

ದಿನಾ ಸಂಜೆ ಎಲ್ಲರ ಕಾಲು ನೋಡಿ. ಬರಿಗಾಲಲ್ಲಿ ಕೆಸರು ತುಳಿದವರ ಗಾಯದಿಂದ ಇಲಿಜ್ವರ ಬರುತ್ತದೆ. ಜ್ವರದ ಜೊತೆ ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಾಗದೆ ಆಸ್ಪತ್ರೆಗೆ ಕಳಿಸಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣವಿಲ್ಲ.

ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸ ಅಲ್ಲವೇ?
– ಓದುಗರು, ಶಿಕಾರಿಪುರ

ಹೌದು, ಸರ್ಕಾರದ್ದೇ. 2010ರಲ್ಲಿ ದೆಹಲಿಯ ಚಳಿಯಲ್ಲಿ ಬೀದಿಬದಿಯವರು ನರಳುವಾಗ, ಆಹಾರದ ಹಕ್ಕಿನ ಪ್ರಕರಣ ನೋಡುತ್ತಿದ್ದ ಸುಪ್ರೀಂ ಕೋರ್ಟ್ ಆಶ್ರಯ ಕೇಂದ್ರಗಳನ್ನು ತೆರೆಯಲು ಆದೇಶಿಸಿತು. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ವಸತಿರಹಿತರ ಆಶ್ರಯ ಕೇಂದ್ರಗಳ ಯೋಜನೆ ಬಂತು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನರಿಗೆ, ವರ್ಷವಿಡೀ, ಹಗಲೂ ರಾತ್ರಿಯೂ ತೆರೆದಿರುವ ಜಾಗ, ತಲೆಗೆ 50 ಚದರಡಿ ಎಂದು ಅದರ ಮಾರ್ಗಸೂಚಿ ಹೇಳಿತ್ತು. ಶಿವಮೊಗ್ಗ ನಗರ 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿದೆ, ಲೆಕ್ಕ ನೀವೇ ಹಾಕಿ. ಆ ಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದು ರಾತ್ರಿ, ದೇಶದಲ್ಲಿ 17.7 ಲಕ್ಷ ಜನ ಸಿಕ್ಕಿದರು. ಆಶ್ಲೇಷ ಮಳೆಯಲ್ಲಿ ಅಂಗಡಿ ಶಟರ್ ಸಂದಿಯಲ್ಲಿ, ಲಾರಿ ಕೆಳಗೆ ಮುದುಡಿಕೊಂಡವರನ್ನು ಹುಡುಕಿ ಎಣಿಸುವುದು ಇನ್ನೂ ಕಷ್ಟ.

ನಾವೇ ತಂಗುಮನೆ ನಡೆಸುತ್ತಿದ್ದೇವೆಂದು ಸುಮ್ಮನಾಗಿಲ್ಲ, ನಗರಪಾಲಿಕೆಯನ್ನು ಕೇಳುವುದು ಬಿಟ್ಟಿಲ್ಲ. ನಿಮ್ಮೂರಿನ ಪುರಸಭೆ ಸದಸ್ಯರನ್ನು ನೀವೂ ಕೇಳಿ, ಬಾಯಿಮಾತಲ್ಲಿ ಅಲ್ಲ, ಬರಹದಲ್ಲಿ.

ಸೆಪ್ಟೆಂಬರ್ ಮುಗಿದ ಮೇಲೆ ಅವರೆಲ್ಲ ಎಲ್ಲಿಗೆ ಹೋಗುತ್ತಾರೆ?
– ಓದುಗಳು, ಶೃಂಗೇರಿ

ಕೆಲವರು ಮತ್ತೆ ಜಗಲಿಗೇ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಅದಕ್ಕೇ ಮಳೆಗಾಲದ ಸಂಜೆಗಳನ್ನು ಕಾಗದಪತ್ರಕ್ಕೆ ಬಳಸುತ್ತೇವೆ. ಆಧಾರ್‌ಗೆ ವಿಳಾಸದ ದಾಖಲೆ ಇಲ್ಲದವರಿಗೆ ಗೆಜೆಟೆಡ್ ಅಧಿಕಾರಿ, ಶಾಸಕರು ಇಲ್ಲವೇ ನಗರಪಾಲಿಕೆ ಸದಸ್ಯರಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆಯಬಹುದು. ಅದಾದ ಮೇಲೆ ಅಂಚೆ ಕಚೇರಿಯಲ್ಲಿ ಖಾತೆ. 65 ತುಂಬಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ, ತಿಂಗಳಿಗೆ 1,200 ರೂಪಾಯಿ. ಇಬ್ಬರು ಅಜ್ಜಿಯರು ಪಿಂಚಣಿ ಸೇರಿಸಿ ಒಂದು ಕೋಣೆ ಹಿಡಿದದ್ದುಂಟು.

ಮತದಾರರ ಪಟ್ಟಿಗೂ ಮನೆ ಬೇಕಿಲ್ಲ. ಫಾರಂ 6ರಲ್ಲಿ ಮಲಗುವ ಜಾಗ ಬರೆದರೆ ಸಾಕು. ಮತಗಟ್ಟೆ ಮಟ್ಟದ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು, ಇವರು ನಿಜವಾಗಿ ಅಲ್ಲೇ ಮಲಗುತ್ತಾರಾ ಎಂದು ನೋಡಬೇಕು. ಪಟ್ಟಿಯಲ್ಲಿ ಹೆಸರಿದ್ದವರ ಮಾತನ್ನು ವಾರ್ಡಿನ ಸದಸ್ಯರು ನಿಂತು ಕೇಳುತ್ತಾರೆ.

ನನ್ನ ಮಗನಿಗೆ ಹದಿನಾರು. ಪಾಳಿಗೆ ಬರುತ್ತೇನೆ ಅಂತಾನೆ. ಕಳಿಸಬಹುದೇ?
– ಓದುಗಳು, ಶಿವಮೊಗ್ಗ

ರಾತ್ರಿ ಪಾಳಿಗೆ ಹದಿನೆಂಟು ತುಂಬಿರಬೇಕು, ಇದರಲ್ಲಿ ವಿನಾಯಿತಿ ಇಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಗಂಜಿ ಬಡಿಸಲು, ಅರ್ಜಿ ತುಂಬಿಕೊಡಲು ಕಳಿಸಿ, ಅಕ್ಷರ ಚೆನ್ನಾಗಿದ್ದರೆ ಇನ್ನೂ ಒಳ್ಳೆಯದು. ಮೊದಲ ದಿನ ನೀವೂ ಜೊತೆಗೆ ಬನ್ನಿ. ಹಾಗೇ, ಆಗಸ್ಟ್ ತಿಂಗಳ ಹೆಂಗಸರ ಪಾಳಿಯಲ್ಲಿ ನಮಗೆ ಇನ್ನೂ ಕೆಲವು ರಾತ್ರಿ ಖಾಲಿ ಇವೆ. ನಿಮಗೆ ಯಾವ ವಾರ ಅನುಕೂಲ ಎಂದು ಪತ್ರಿಕೆಯ ಕಚೇರಿಗೆ ಬರೆದು ತಿಳಿಸಿ.